ಸಂಸಾರ ಕೂಡಿಸುವವರ ಕೈಯಲ್ಲಿ ಕೋಲೇಕೆ?

2025ರ ಏಪ್ರಿಲ್‌ನಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ತಾವರೆಕೆರೆಯಲ್ಲಿ ಗಂಡನೊಬ್ಬ ಹೆಂಡತಿಯ ಮೇಲೆ ಮಸೀದಿಗೆ ದೂರು ಕೊಟ್ಟ. ವಿಚಾರಣೆಗೆಂದು ಕರೆಸಿಕೊಂಡ ಆ ಹೆಣ್ಣುಮಗಳನ್ನು ಮಸೀದಿಯ ಮುಂದೆಯೇ ಗಂಡಸರ ಗುಂಪು ಕೋಲು, ಪೈಪುಗಳಿಂದ ಬಡಿಯಿತು. ವಿಡಿಯೋ ಊರೂರು ಸುತ್ತಿತು. ಪೊಲೀಸರು ಆರು ಮಂದಿಯನ್ನು ಬಂಧಿಸಿದರು. ದಾವಣಗೆರೆಯ ಸರಸ್ವತಿ ನಗರದಲ್ಲಿ ಕುಳಿತು ಓದುವವರಿಗೆ ಇದು ಯಾವುದೋ ಹಳ್ಳಿಯ ಸುದ್ದಿಯೆನಿಸಬಹುದು. ಕೋಲು ಕೆಲವರದೇ ಸರಿ, ಆದರೆ ಹೆಂಡತಿಯನ್ನು ಮೊದಲೇ ಆರೋಪಿಯ ಜಾಗದಲ್ಲಿ ನಿಲ್ಲಿಸುವ ಪಂಚಾಯಿತಿಯ ಪದ್ಧತಿ ಪೇಟೆಗೂ ಹೊಸದಲ್ಲ.

ಇಂಥ ಪಂಚಾಯಿತಿಗಳಲ್ಲಿ ನಡೆಯುವುದೇನು? ಗಂಡಸರೇ ಕೂರುತ್ತಾರೆ. ಗಂಡನ ಮಾತು ಅವನ ಬಾಯಿಂದಲೇ ಬರುತ್ತದೆ. ಹೆಂಡತಿಯ ಮಾತು ಅವಳ ತಂದೆಯದೋ ಅಣ್ಣನದೋ ಬಾಯಿಂದ. ಕೊನೆಗೆ "ಸಬರ್ ಮಾಡಮ್ಮಾ" ಎಂದು ಕಳಿಸಿಬಿಟ್ಟರೆ ರಾಜಿಯಾಯಿತು! ಎಲ್ಲ ಕಡೆಯೂ ಹೀಗೆಂದು ನಾವು ಹೇಳುವುದಿಲ್ಲ. ತಿಳಿವಳಿಕೆಯುಳ್ಳ ಹಿರಿಯರು ಉಳಿಸಿಕೊಟ್ಟ ಸಂಸಾರಗಳೂ ಇವೆ.

ಕುರ್‌ಆನಿನ ಅನ್ನಿಸಾ ಅಧ್ಯಾಯದ 35ನೇ ವಚನ ಇಬ್ಬರು ಪಂಚರನ್ನು ನೇಮಿಸಲು ಹೇಳುತ್ತದೆ. ಒಬ್ಬ ಗಂಡನ ಕಡೆಯವ, ಇನ್ನೊಬ್ಬ ಹೆಂಡತಿಯ ಕಡೆಯವ, ಉದ್ದೇಶ ಕೂಡಿಸುವುದು. ಅದರ ಹಿಂದಿನ ವಚನವನ್ನೇ ಎತ್ತಿಕೊಂಡು ವಾದಕ್ಕಿಳಿಯುವವರಿದ್ದಾರೆ. ಅವರು ಅದಕ್ಕೆ ಏನೇ ಅರ್ಥ ಹೇಳಲಿ, ಬೀದಿಯ ಗುಂಪಿಗೆ ಅಲ್ಲಿ ಪರವಾನಗಿ ಸಿಗುವುದಿಲ್ಲ.

ಇವರು ಬರೀರಾರ ಪ್ರಸಂಗ ಕೇಳಿಲ್ಲವೇ? ಗುಲಾಮಗಿರಿಯಿಂದ ಬಿಡುಗಡೆಯಾದ ಬರೀರಾ ಗಂಡ ಮುಗೀಸ್‌ನನ್ನು ತೊರೆದರು. ಅವನೋ ಗಡ್ಡ ತೊಯ್ಯುವಂತೆ ಅಳುತ್ತಾ ಮದೀನಾದ ಬೀದಿಗಳಲ್ಲಿ ಅವರ ಹಿಂದೆಯೇ ಸುತ್ತಿದ. ಪ್ರವಾದಿ(ಸ)ಯವರೇ ಮರಳಿ ಹೋಗಬಾರದೇ ಎಂದು ಆಕೆಯನ್ನು ಕೇಳಿದರು. ಇದು ಆಜ್ಞೆಯೇ ಎಂದರು ಬರೀರಾ. ಅಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂತು. ಹಾಗಾದರೆ ನನಗೆ ಅವನು ಬೇಡ ಎಂದರು. ಮಾತು ಅಲ್ಲಿಗೇ ಮುಗಿಯಿತು. ಪ್ರವಾದಿಯವರ ಶಿಫಾರಸನ್ನೇ ಒಬ್ಬ ಬಡ ಹೆಂಗಸು ನಿರಾಕರಿಸಬಹುದಿತ್ತು. ಇಂದಿನ ಮೊಹಲ್ಲಾ ಮುಖಂಡರ ಮಾತು ಮಾತ್ರ ಮೀರಲಾಗದ ಹುಕುಂ!

ಮನೆಯ ಜಗಳ ಕೋರ್ಟಿನ ಮೆಟ್ಟಿಲೇರಬಾರದೆಂಬ ಕಾಳಜಿ ಹಗುರವಾದದ್ದಲ್ಲ. ಬೀಡಿ ಕಟ್ಟುವ, ಮಂಡಕ್ಕಿ ಭಟ್ಟಿಯಲ್ಲಿ ಬೇಯುವ ಸಂಸಾರಕ್ಕೆ ಒಂದೊಂದು ವಾಯಿದೆಯೂ ಒಂದು ದಿನದ ಕೂಲಿ ನುಂಗುತ್ತದೆ. ಜಮಾಅತ್ ಮಧ್ಯಸ್ಥಿಕೆ ವಹಿಸಲಿ. ಆದರೆ ದಾರುಲ್ ಕಝಾದ ತೀರ್ಮಾನಕ್ಕೆ ಕಾನೂನಿನ ಬಲವಿಲ್ಲ, ಅದನ್ನು ಯಾರ ಮೇಲೂ ಹೇರುವಂತಿಲ್ಲ ಎಂದು 2014ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಮುರಿದ ಮೇಲೆ ತೇಪೆ ಹಾಕುವವರು ನಿಕಾಹ್‌ಗೆ ಮುಂಚೆ ಎಲ್ಲಿರುತ್ತಾರೆ? ಮಲೇಷ್ಯಾದಲ್ಲಿ ಮುಸ್ಲಿಂ ವಧೂವರರು ಮದುವೆಗೆ ಮೊದಲು ತರಬೇತಿ ಪಡೆಯಲೇಬೇಕು. ನಮ್ಮಲ್ಲಿ ಆ ದಿನಗಳೆಲ್ಲ ಜೋಡಾ ಎಷ್ಟು, ಬೈಕು ಯಾವುದು, ಬಿರಿಯಾನಿ ಎಷ್ಟು ಡೇಗು ಎಂಬ ಚೌಕಾಶಿಯಲ್ಲೇ ಕಳೆಯುತ್ತವೆ. ಅಮೆರಿಕದ ಜಾನ್ ಗಾಟ್‌ಮನ್ ದಂಪತಿಗಳ ಮಾತುಕತೆಯನ್ನು ದಶಕಗಟ್ಟಲೆ ಅಭ್ಯಾಸ ಮಾಡಿ, ಸಂಸಾರ ಒಡೆಯುವ ದೊಡ್ಡ ಸೂಚನೆ ಪರಸ್ಪರರ ತಾತ್ಸಾರ ಎಂದರು. ಜೋಡಾದ ಬಾಕಿಗೆ ಸೊಸೆಯನ್ನು ಹಂಗಿಸುವ ಮನೆಯಲ್ಲಿ ಆ ತಾತ್ಸಾರ ಮೊದಲ ದಿನವೇ ಒಳಗೆ ಬಂದಿರುತ್ತದೆ.

ಪಂಚಾಯಿತಿಯಲ್ಲಿ ಕನಿಷ್ಠ ಇಬ್ಬರು ಹೆಂಗಸರು ಕೂರಲಿ. ಹೆಂಡತಿಯ ಮಾತನ್ನು ಗಂಡನ ಎದುರಿಗಲ್ಲದೆ, ಬೇರೆಯಾಗಿ ಕೇಳಲಿ. ಹೊಡೆತದ ದೂರು ಬಂದರೆ ರಾಜಿ ಬಿಟ್ಟು ಠಾಣೆಗೆ ಕರೆದೊಯ್ಯಲಿ. ಕಲಿತ ಟೀಚರು, ನರ್ಸು, ವಕೀಲೆಯರು ಈಗ ನಮ್ಮ ಮೊಹಲ್ಲಾಗಳಲ್ಲೇ ಇದ್ದಾರೆ. ಮಸೀದಿಯ ಕಮಿಟಿ ಕೋಣೆಯಲ್ಲಿ ಹೆಂಗಸರಿಗೆ ಜಾಗವಿಲ್ಲ ಎನ್ನುವವರು ಶಾದಿಮಹಲಿನ ಬೀಗ ತೆಗೆಸಲಿ. ಮದುವೆಯಿಲ್ಲದ ದಿನ ಅದು ಖಾಲಿಯೇ ಬಿದ್ದಿರುತ್ತದೆ.