ವಾಷಿಂಗ್‌ಟನ್ನಿನ ಸಹಿ, ಹಿಂಜವಾಡಿಯ ದೀಪ

2025ರ ಸಪ್ಟೆಂಬರ್ 20, ಶನಿವಾರ. ಮರುದಿನ ಸರ್ವಪಿತೃ ಅಮಾವಾಸ್ಯೆ. ಹಿಂಜವಾಡಿಯಲ್ಲಿ ನಾನಿರುವ ವಸತಿ ಸಮುಚ್ಚಯದಲ್ಲಿ ಧಾರವಾಡ ಕಡೆಯ ಒಂದು ಕುಟುಂಬವಿದೆ. ಎಚ್-1ಬಿ ವೀಸಾದ ಮೇಲೆ ಅಮೇರಿಕದಲ್ಲಿ ದುಡಿಯುತ್ತಿರುವ ಆ ಮನೆಯ ಮಗ, ತೀರಿಕೊಂಡ ತಂದೆಯ ಪಕ್ಷದ ಕಾರ್ಯ ಮಾಡಲೆಂದು ರಜೆಯ ಮೇಲೆ ಬಂದಿದ್ದ. ಅಂದು ಬೆಳಗಿನ ಜಾವ ಅವನ ಕಂಪನಿಯಿಂದ ಸಂದೇಶ ಬಂದಿತು: ಇಪ್ಪತ್ತನಾಲ್ಕು ಗಂಟೆಗಳೊಳಗೆ ಅಮೇರಿಕದ ನೆಲ ಮುಟ್ಟಬೇಕು, ಇಲ್ಲವಾದರೆ ಹೊಣೆ ನಮ್ಮದಲ್ಲ. ಸಿಕ್ಕ ಬೆಲೆಗೆ ಟಿಕೆಟ್ಟು ಕೊಂಡು ಅವನು ಮುಂಬಯಿಯ ದಾರಿ ಹಿಡಿದ. ರವಿವಾರ ಪಿಂಡ ಇಟ್ಟವನು ಅವನ ಚಿಕ್ಕಪ್ಪ. ವಿಮಾನ ಇನ್ನೂ ಆಕಾಶದಲ್ಲಿದ್ದಾಗಲೇ, ಹೊಸ ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರವೆಂದೂ, ಈಗಾಗಲೇ ವೀಸಾ ಇದ್ದವರಿಗೆ ಅಲ್ಲವೆಂದೂ ಅಮೇರಿಕದ ಸರಕಾರ ಸ್ಪಷ್ಟೀಕರಣ ಕೊಟ್ಟಿತು.

ಸಂಜೆ ಆ ತಾಯಿ ನನ್ನನ್ನು ಕೇಳಿದರು: "ಸಾಹೇಬ್ರ, ನೀವು ಸರಕಾರದಾಗ ಇದ್ದೀರಿ. ಹಿಂಗ ಒಂದ ರಾತ್ರ್ಯಾಗ ಕಾಯ್ದೆ ಬದಲ ಮಾಡ್ಲಿಕ್ಕೆ ಬರ್ತದೇನ್ರಿ?"

ಈ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ಬದಲಾದುದು ಕಾಯ್ದೆಯಲ್ಲ. ಎಚ್-1ಬಿ ವೀಸಾ ಹುಟ್ಟಿದ್ದು 1990ರ ವಲಸೆ ಕಾಯ್ದೆಯಿಂದ. ಅದನ್ನು ಅಂಗೀಕರಿಸಿದ್ದು ಅಲ್ಲಿಯ ಕಾಂಗ್ರೆಸ್ಸು; ಸಹಿ ಹಾಕಿದ್ದು ರಿಪಬ್ಲಿಕನ್ ಪಕ್ಷದವರೇ ಆದ ಹಿರಿಯ ಜಾರ್ಜ್ ಬುಷ್. ಇಂದಿಗೂ ವರ್ಷಕ್ಕೆ 65,000 ವೀಸಾಗಳು, ಅಮೇರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿ ಕಾಯ್ದೆಯಲ್ಲಿಯೇ ಇದೆ. ಅಧ್ಯಕ್ಷ ಟ್ರಂಪ್ ಅವರು ಸಪ್ಟೆಂಬರ್ 19ರಂದು ಮಾಡಿದ್ದು ಒಂದು ಘೋಷಣೆ. ವಿದೇಶಿಯರ ಪ್ರವೇಶವನ್ನು ತಡೆಯಲು 1952ರ ಕಾಯ್ದೆಯೊಂದು ಅಧ್ಯಕ್ಷರಿಗೆ ಕೊಟ್ಟಿದ್ದ ಅಧಿಕಾರವನ್ನು ಹಿಡಿದುಕೊಂಡು, ಕೆಲವು ಸಾವಿರ ಡಾಲರುಗಳಲ್ಲಿ ಮುಗಿಯುತ್ತಿದ್ದ ಅರ್ಜಿಯ ಮೇಲೆ ಒಂದು ಲಕ್ಷ ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿಗಳ ಹೊರೆಯನ್ನು ಹೇರಲಾಯಿತು. ಕರಡು ಪ್ರಕಟಣೆಯಿಲ್ಲ, ಆಕ್ಷೇಪಣೆಗಳಿಗೆ ಆಹ್ವಾನವಿಲ್ಲ, ಎರಡು ದಿನಗಳ ಕಾಲಾವಕಾಶವೂ ಇಲ್ಲ.

ನಾನು ಸ್ವಭಾವತಃ ಸಂಪ್ರದಾಯವಾದಿ. ಸರಕಾರದ ಒಳಗೇ ಕುಳಿತು ಬಹುಕಾಲ ಕಡತ ನೋಡಿದವನಿಗೆ ಸರಕಾರದ ಶಕ್ತಿಯ ಮೇಲೆ ಅತಿಯಾದ ನಂಬಿಕೆ ಉಳಿಯುವುದಿಲ್ಲ. ಆದುದರಿಂದಲೇ ರಿಪಬ್ಲಿಕನ್ ಪಕ್ಷದ ಹಳೆಯ ವಿಚಾರಗಳು ನನಗೆ ಮೆಚ್ಚುಗೆಯಾಗಿದ್ದವು. ಸರಕಾರ ಸಮಸ್ಯೆಗೆ ಪರಿಹಾರವಲ್ಲ, ಸರಕಾರವೇ ಸಮಸ್ಯೆ ಎಂಬರ್ಥದ ಮಾತನ್ನು ರೊನಾಲ್ಡ್ ರೇಗನ್ 1981ರಲ್ಲಿ ಅಧಿಕಾರ ಸ್ವೀಕರಿಸಿದ ದಿನವೇ ಆಡಿದ್ದರು. ಕಡಿಮೆ ತೆರಿಗೆ, ಮುಕ್ತ ವ್ಯಾಪಾರ, ಮಿತವ್ಯಯ, ಶಾಸನಕ್ಕೆ ತಲೆಬಾಗುವ ಆಡಳಿತ ಇವು ಆ ವಿಚಾರದ ನಾಲ್ಕು ಕಂಬಗಳು.

ಆ ಕಂಬಗಳು ಇಂದು ಯಾವ ಸ್ಥಿತಿಯಲ್ಲಿವೆ? ರೇಗನ್ ಬಂದ ವರ್ಷ ಅಮೇರಿಕದ ರಾಷ್ಟ್ರೀಯ ಸಾಲ ಒಂದು ಲಕ್ಷ ಕೋಟಿ ಡಾಲರಿನ ಗಡಿ ದಾಟಿತು. 2025ರ ಅಕ್ಟೋಬರ್‌ನಲ್ಲಿ ಅದು 38 ಲಕ್ಷ ಕೋಟಿ ದಾಟಿತು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತನ್ನು ಎರಡೂ ಪಕ್ಷಗಳು ಮರೆತಿವೆ. ಮುಕ್ತ ವ್ಯಾಪಾರದ ಗತಿ ನಮಗೇ ಗೊತ್ತು: 2025ರ ಆಗಸ್ಟ್ ತಿಂಗಳೊಂದರಲ್ಲೇ ಭಾರತದ ಸರಕುಗಳ ಮೇಲೆ ಮೊದಲು ಶೇಕಡಾ 25, ಬಳಿಕ ರಷ್ಯದ ತೈಲದ ನೆಪದಲ್ಲಿ ಮತ್ತೆ 25 ಸುಂಕ ಬಿದ್ದಿತು. ತೆರಿಗೆ, ಸುಂಕ ವಿಧಿಸುವ ಅಧಿಕಾರವನ್ನು ಅವರ ಸಂವಿಧಾನದ ಮೊದಲನೆಯ ವಿಧಿಯೇ ಕಾಂಗ್ರೆಸ್ಸಿಗೆ ಕೊಟ್ಟಿದೆಯೆಂಬುದನ್ನು ಸಂಪ್ರದಾಯವಾದಿಯಾದವನು ಎಲ್ಲರಿಗಿಂತ ಮೊದಲು ನೆನೆಯಬೇಕಾಗಿತ್ತು. ಆ ಪಕ್ಷದೊಳಗೇ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿದೆ. 2024ರ ಡಿಸೆಂಬರ್‌ನಲ್ಲಿ ಇದೇ ವೀಸಾದ ಪರವಾಗಿ ಇಲಾನ್ ಮಸ್ಕ್ ಮತ್ತು ವಿವೇಕ್ ರಾಮಸ್ವಾಮಿ ವಾದಿಸಿದರೆ, ಸ್ಟೀವ್ ಬ್ಯಾನನ್ ಮೊದಲಾದವರು ಬಹಿರಂಗವಾಗಿ ಹರಿಹಾಯ್ದರು. ಲಕ್ಷ ಡಾಲರಿನ ಶುಲ್ಕದ ವಿರುದ್ಧ 2025ರ ಅಕ್ಟೋಬರ್‌ನಲ್ಲಿ ನ್ಯಾಯಾಲಯಕ್ಕೆ ಹೋದವರಲ್ಲಿ ಅಮೇರಿಕದ ವಾಣಿಜ್ಯ ಮಂಡಳಿಯೂ ಒಂದು. ವರ್ತಕರ ಕೂಟವೇ ರಿಪಬ್ಲಿಕನ್ ಸರಕಾರದ ಮೇಲೆ ಮೊಕದ್ದಮೆ ಹೂಡಬೇಕಾಯಿತು!

ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ತನ್ನ ಮನೆಯ ಬಾಗಿಲನ್ನು ಯಾರಿಗೆ ತೆರೆಯಬೇಕೆಂದು ನಿರ್ಧರಿಸುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ. ಅಗ್ಗದ ಕೂಲಿಗಾಗಿ ಈ ವೀಸಾವನ್ನು ಬಳಸಿಕೊಂಡ ಕಂಪನಿಗಳಿಲ್ಲವೆಂದು ಯಾರೂ ಹೇಳಲಾರರು. ಕೆಲಸ ಕಳೆದುಕೊಂಡ ಅಲ್ಲಿಯ ನಾಗರಿಕನ ದೂರು ಸುಳ್ಳಲ್ಲ. ಕಾಂಗ್ರೆಸ್ಸು ಚರ್ಚಿಸಿ, ಮತ ಹಾಕಿ, ಮಿತಿಯನ್ನು ಅರ್ಧಕ್ಕೆ ಇಳಿಸಿದ್ದರೆ ನಾನು ದುಃಖಿಸುತ್ತಿದ್ದೆನೇ ಹೊರತು ಆಕ್ಷೇಪಿಸುತ್ತಿರಲಿಲ್ಲ. ಮನುಷ್ಯನು ಕಾಯ್ದೆಯನ್ನು ನಂಬಿ ಮನೆ ಕಟ್ಟುತ್ತಾನೆ, ಮದುವೆಯಾಗುತ್ತಾನೆ, ಸಾಲ ಮಾಡುತ್ತಾನೆ. ಆ ನಂಬಿಕೆಯನ್ನು ಕಾಯುವುದೇ ಸಂಪ್ರದಾಯವಾದದ ಸಾರ. ಒಂದು ಸಹಿಯಿಂದ ಅನುಗ್ರಹಿಸಬಲ್ಲ ಅಧಿಕಾರ ಇನ್ನೊಂದು ಸಹಿಯಿಂದ ನಿಗ್ರಹಿಸಬಲ್ಲದು.

ಇದು ನಮಗೆ ಹೊಸ ಪಾಠವಲ್ಲ. 1981ರಲ್ಲಿ ನಾರಾಯಣ ಮೂರ್ತಿ ಮತ್ತು ಅವರ ಸಂಗಾತಿಗಳು ಇನ್ಫೋಸಿಸ್ ಕಟ್ಟಿದ್ದು ಇದೇ ಪುಣೆಯಲ್ಲಿ. ಅದು ಬೆಂಗಳೂರಿಗೆ ಹೋದದ್ದು 1983ರಲ್ಲಿ. ಒಂದು ಕಂಪ್ಯೂಟರ್ ತರಿಸಿಕೊಳ್ಳಲು ದಿಲ್ಲಿಯ ಅನುಮತಿ ಬೇಕಾಗಿದ್ದ ಕಾಲವದು. 1991ರಲ್ಲಿ ಆ ಹಿಡಿತ ಸಡಿಲಾಯಿತು. ಸಾಫ್ಟ್‌ವೇರ್ ಪಾರ್ಕುಗಳ ಯೋಜನೆ ಬಂತು. ರೈತರ ಹೊಲಗಳಿದ್ದ ಹಿಂಜವಾಡಿಯಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ ರಾಜೀವ ಗಾಂಧಿ ಇನ್ಫೊಟೆಕ್ ಪಾರ್ಕನ್ನು ಬೆಳೆಸಿತು, ಇನ್ಫೋಸಿಸ್ ಇಲ್ಲಿಗೂ ಬಂತು. ಈ ಉದ್ಯಮವನ್ನು ಬೆಳೆಸಿದ್ದರಲ್ಲಿ ಸರಕಾರದ ಕೈ ಹಿಂದೆ ಸರಿದದ್ದೂ ಉಂಟು, 2011ರವರೆಗೆ ನಡೆದ ತೆರಿಗೆ ವಿನಾಯಿತಿಯೂ ಉಂಟು. ಅನುಮತಿಗಾಗಿ ದಿಲ್ಲಿಯ ಕಡೆ ನೋಡುವುದನ್ನು ಬಿಟ್ಟ ನಾವು ಅದೇ ಕತ್ತನ್ನು ವಾಷಿಂಗ್‌ಟನ್ನಿನ ಕಡೆ ತಿರುಗಿಸಿದೆವೇನೋ ಎಂಬುದು ನನ್ನ ಶಂಕೆ. ಬೀದಿಯ ಎರಡು ಬದಿಯಲ್ಲಿ ಉರಿಯುವ ಈ ದೀಪಗಳಿಗೆ ಎಣ್ಣೆ ಎಲ್ಲಿಂದ ಬರುತ್ತದೆಂಬುದನ್ನು ಗೃಹಸಾಲಕ್ಕೆ ಸಹಿ ಹಾಕುವಾಗ ನಮ್ಮ ಮಕ್ಕಳು ಕೇಳಿಕೊಳ್ಳುವುದಿಲ್ಲ, ನಾವೂ ಹೇಳಿಕೊಡುವುದಿಲ್ಲ.

ಹೊರನಾಡಿನ ನಾವು ಹೊಟ್ಟೆಪಾಡಿಗಾಗಿ ಒಮ್ಮೆ ಊರು ಬಿಟ್ಟವರು. ಮಕ್ಕಳು ಇನ್ನೂ ದೂರ ಹೋಗುವುದನ್ನು ತಡೆಯಬೇಕೆಂದು ನಾನು ಹೇಳಲಾರೆ, ಹೋಗಲಿ, ಗಳಿಸಲಿ. ಆದರೆ ಇಪ್ಪತ್ತು ವರ್ಷಗಳ ಕಂತನ್ನು ಪರದೇಶದ ಸರಕಾರವೊಂದರ ಮನಸ್ಸಿನ ಮೇಲೆ ನಿಲ್ಲಿಸುವುದು ವಿವೇಕವಲ್ಲ. ಕೈಯಲ್ಲಿ ಸ್ವಲ್ಪ ಉಳಿತಾಯ, ಇಲ್ಲಿಯೂ ನಡೆಯಬಲ್ಲ ಒಂದು ವಿದ್ಯೆ, ತಿರುಗಿ ಬಂದರೆ ಅವಮಾನವೆನ್ನದ ಒಂದು ಮನೆ, ಇಷ್ಟನ್ನು ಹಿರಿಯರಾದ ನಾವು ಒದಗಿಸಿಕೊಡಬಹುದು.

ಆ ತಾಯಿಗೆ ನನ್ನ ಉತ್ತರವಿಷ್ಟೆ: ಒಂದು ರಾತ್ರಿಯಲ್ಲಿ ಹೀಗೆ ಮಾಡಲು ಬರುತ್ತದಮ್ಮ, ಆದರೆ ಮಾಡಬಾರದು. ಮಾಡಬಾರದೆಂದು ಕಲಿಸುತ್ತಿದ್ದವರೇ ಮಾಡಿದರೆಂಬುದು ನನ್ನ ನೋವು.