ಕವಣೆ ಕೆಳಗಿಟ್ಟವರ ನಾಡಿನಲ್ಲಿ: ಗಂಡುಮಕ್ಕಳ ಹಿರಿಯರಿಗೊಂದು ಬಿನ್ನಹ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಬಂಧುಗಳೇ,

2020ನೆಯ ಇಸವಿಯ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ದಂಡೆಯೂರುಗಳಿಗೆ ನುಗ್ಗಿದ ದಿನಗಳಲ್ಲಿ, ಕಾಳಜಿ ಕೇಂದ್ರವಾಗಿದ್ದ ಶಾಲೆಯೊಂದರ ಪಡಸಾಲೆಯಲ್ಲಿ ಹನ್ನೆರಡು ಹದಿಮೂರರ ಹುಡುಗನೊಬ್ಬನು, ತಾನೇ ಸಾಕಿದ ಕರು ಹೊಳೆಯ ಪಾಲಾದುದಕ್ಕಾಗಿ, ಗೂಟದಲ್ಲಿ ಉಳಿದಿದ್ದ ಅದರ ಕಣ್ಣಿಯನ್ನು ಮುಂಗೈಗೆ ಸುತ್ತಿಕೊಂಡು ಬಿಕ್ಕುತ್ತ ಕುಳಿತಿದ್ದನು. “ಹೆಣ್ಣುಮಕ್ಕಳಂಗ ಯಾಕ ಅಳ್ತೀಲೇ, ಗಂಡಸ ಇದ್ದಿ, ಸುಮ್ಮ ಕುಂಡ್ರು” ಎಂದು ಅವನ ದೊಡ್ಡಪ್ಪನು ಗದರಿದನು. ಗದರಿದವನ ಕಣ್ಣುಗಳೂ ತುಂಬಿದ್ದವು. ಅವನ ತೊಗರಿಯ ಹೊಲವೂ ಕೆಸರಿನಡಿ ಸೇರಿತ್ತು. ಹುಡುಗನು ಅಳು ನಿಲ್ಲಿಸಿದನು, ಕಣ್ಣಿಯನ್ನು ಬಿಚ್ಚಿ ಮೂಲೆಗೆ ಎಸೆದನು. ಆ ಗಳಿಗೆಯಲ್ಲಿ ಅವನು ಕಲಿತುಕೊಂಡದ್ದೇನು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಮನವಿಗೆ ಅದೇ ಕಾರಣ.

ಗಂಡಸುತನವೆಂದು ನಾವು ಕರೆಯುವುದನ್ನು ಮಗು ತನ್ನ ಮನೆಯಿಂದ, ಓಣಿಯಿಂದ, ಊರ ಕಟ್ಟೆಯ ಮಾತಿನಿಂದ, ಕಣ್ಣೆದುರು ಸುಳಿಯುವ ಚಿತ್ರಗಳಿಂದ ತುಸುತುಸುವೇ ಆಯ್ದುಕೊಳ್ಳುತ್ತದೆ. 1972ರಲ್ಲಿ ‘ಬಂಗಾರದ ಮನುಷ್ಯ’ ತೆರೆಗೆ ಬಂದಾಗ ನಮ್ಮ ತಂದೆಯರು ಕಂಡ ನಾಯಕನು, ಅಕ್ಕನ ಸಂಸಾರವನ್ನು ಹೆಗಲಿಗೇರಿಸಿಕೊಂಡು, ಬರಡು ನೆಲವನ್ನು ಹಸನು ಮಾಡಿ, ಕಡೆಗೆ ಮನೆಯ ಶಾಂತಿಗಾಗಿ ಎಲ್ಲವನ್ನೂ ಬಿಟ್ಟು ಹೊರಟುಹೋದವನು. 1995ರ ‘ಓಂ’ ಚಿತ್ರದ ಹೊತ್ತಿಗೆ ನಾಯಕನ ಕೈಗೆ ಮಚ್ಚು ಬಂದಿತ್ತು, 2018ರ ‘ಕೆ.ಜಿ.ಎಫ್’ನಲ್ಲಿ ಅದು ದೇಶವೆಲ್ಲ ನೋಡುವಷ್ಟು ವಿಸ್ತಾರವಾದ ವೈಭವವನ್ನು ಪಡೆಯಿತು. ಚಲನಚಿತ್ರವನ್ನು ನಾನು ದೂಷಿಸಲಾರೆ, ಏಕೆಂದರೆ ಟಾಕೀಸಿನಿಂದ ಹೊರಬಿದ್ದವನು ಮರುದಿನ ಬೆಳಿಗ್ಗೆ ತನ್ನ ಎತ್ತುಗಳ ಬಳಿಗೆ ಮರಳುತ್ತಿದ್ದನು, ಅಲ್ಲಿ ಅವನ ಅಪ್ಪನೂ ಇರುತ್ತಿದ್ದನು. ಈಗಿನ ಮಾತು ಬೇರೆ. ಅಂಗೈಯಲ್ಲಿರುವ ಮೊಬೈಲು ಯಾವ ದೃಶ್ಯದ ಮೇಲೆ ಹುಡುಗನ ಹೆಬ್ಬೆರಳು ನಾಲ್ಕು ಕ್ಷಣ ಹೆಚ್ಚು ನಿಂತಿತೆಂಬುದನ್ನು ಲೆಕ್ಕವಿಟ್ಟು, ಅಂಥದನ್ನೇ ಮತ್ತೆ ಮತ್ತೆ ಅವನ ಮುಂದೆ ತಂದು ಸುರಿಯುತ್ತದೆ. ಹೊಡೆದಾಟವನ್ನು ಕಂಡವನಿಗೆ ಹೊಡೆದಾಟ, ಹೆಣ್ಣನ್ನು ಹೀಗಳೆಯುವ ಮಾತನ್ನು ಕೇಳಿದವನಿಗೆ ಇನ್ನೂ ಕಟುವಾದ ಮಾತು. ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಿ ರೀಲ್ಸ್ ಹರಿಯಬಿಡುವ ನಮ್ಮ ಹುಡುಗರು ಕ್ರೂರಿಗಳೆಂದು ನಾನು ನಂಬುವುದಿಲ್ಲ. ತಾವು ಗಂಡಸರಾದೆವೆಂದು ಲೋಕಕ್ಕೆ ತೋರಿಸಲು ಅವರಿಗೆ ಬೇರೆ ದಾರಿಯನ್ನು ನಾವು ಕಾಣಿಸಿಲ್ಲ.

ಆ ದಾರಿ ನಮ್ಮ ನೆಲದಲ್ಲಿ ಇರಲಿಲ್ಲವೇ? ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿ ಕಲಬುರಗಿಯಲ್ಲಿ ದಾಸೋಹ ನಡೆಸಿದ ಶರಣಬಸವೇಶ್ವರರ ಕಥೆಯನ್ನು ಇಲ್ಲಿಯ ಯಾವ ಅಜ್ಜಿಯಾದರೂ ಹೇಳಬಲ್ಲಳು. ಜೋಳವು ಹಾಲ್ದೆನೆಯಾಗುವ ಹೊತ್ತಿನಲ್ಲಿ ಮಂಚಿಕೆಯೇರಿ ಕವಣೆ ಬೀಸಿ ಹಕ್ಕಿಗಳನ್ನು ಓಡಿಸುವುದೇ ಗಂಡುಮಕ್ಕಳ ಕಾಯಕವಾಗಿದ್ದ ಕಾಲದಲ್ಲಿ, ಈ ಒಕ್ಕಲಿಗನು ಕವಣೆಯನ್ನು ಕೆಳಗಿಟ್ಟು, ಹಕ್ಕಿಗಳು ತೆನೆ ತಿನ್ನಲೆಂದು ಬಿಟ್ಟು, ತಿಂದವುಗಳಿಗೆ ಕುಡಿಯಲು ನೀರನ್ನೂ ಇರಿಸಿದನೆಂದು ಪ್ರತೀತಿ. ಅಂಥವರನ್ನು ಈ ಸೀಮೆ ಹೇಡಿಯೆನ್ನದೆ ಅಪ್ಪನೆಂದಿತು. ಇಂದಿಗೂ ಅವರ ತೇರನ್ನೆಳೆಯುತ್ತದೆ. ಕಡಕೋಳದ ಮಡಿವಾಳಪ್ಪನವರನ್ನೂ ನೆನೆಯಿರಿ. ಚೆನ್ನೂರ ಜಲಾಲಸಾಹೇಬರೂ ಖೈನೂರ ಕೃಷ್ಣಪ್ಪನವರೂ ಶಿಷ್ಯರಾಗಿದ್ದ ಆ ತತ್ತ್ವಪದದ ಪರಂಪರೆಯಲ್ಲಿ, ಏಕತಾರಿ ಹಿಡಿದ ದಪ್ಪಮೀಸೆಯ ರೈತರು ತಮ್ಮ ಜೀವವನ್ನೇ ಹೆಣ್ಣೆಂದು ಭಾವಿಸಿ, ಅವ್ವ, ತಂಗಿ ಎಂದು ಕರೆದು, ಬೆಳಗಿನ ಜಾವದವರೆಗೆ ಹಾಡಿದರು. ಅದರಿಂದ ಅವರ ಮೀಸೆಗೆ ಯಾವ ಊನವೂ ಬರಲಿಲ್ಲ. ಊರ ತಾಲೀಮಿನ ವಸ್ತಾದನು ಕೂಡ, ಚಿತ್ತಾಗಿ ಬಿದ್ದವನನ್ನು ಕೈಹಿಡಿದು ಎಬ್ಬಿಸಿ ಮೈಯ ಮಣ್ಣು ಒರೆಸುವುದನ್ನು ಪಟ್ಟುಗಳ ಜೊತೆಗೇ ಕಲಿಸುತ್ತಿದ್ದನು.

ಹಾಗೆಂದು ಹಿಂದಿನದೆಲ್ಲವೂ ಹೊನ್ನೆಂದು ಹೇಳಿದರೆ ನನ್ನ ತಾಯಿಗೇ ನಾನು ಅನ್ಯಾಯ ಮಾಡಿದಂತಾದೀತು. ಕೋಳಿ ಕೂಗುವ ಮುನ್ನ ಬೀಸುವ ಕಲ್ಲಿನ ಮುಂದೆ ಕುಳಿತವಳು, ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲುಳಿದ ರೊಟ್ಟಿಯನ್ನು ಉಂಡವಳು ಅವಳೇ. 2011ರ ಜನಗಣತಿಯ ವೇಳೆಗೂ ಕಲಬುರಗಿ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ 74 ಮಂದಿ ಅಕ್ಷರಸ್ಥರಾಗಿದ್ದರೆ ಹೆಂಗಸರಲ್ಲಿ 55 ಮಂದಿ ಮಾತ್ರ ಹಾಗಿದ್ದರು. ಮಗನ ಕೈಗೆ ಮೊಬೈಲು ಬರುವುದಕ್ಕಿಂತ ಬಹು ಮುಂಚೆಯೇ, ಅಕ್ಕನ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿದ ಮನೆಯಲ್ಲಿ ಅವನು ಮೊದಲ ಪಾಠವನ್ನು ಕಲಿತಿದ್ದನು.

ಇನ್ನೊಂದು ಸಂಗತಿಯನ್ನು ತಾವೆಲ್ಲರೂ ಕಂಡಿದ್ದೀರಿ. ಜಾತ್ರೆಯ ದಾಸೋಹದಲ್ಲಿ ಆಳೆತ್ತರದ ಒಲೆಯ ಮುಂದೆ ನಿಂತು, ಹುಟ್ಟು ಹಿಡಿದು, ಬೆವರು ಸುರಿಸುತ್ತ ಹುಗ್ಗಿ ತಿರುವುವವರು ಗಂಡಸರೇ. ಆಳಂದದ ಗಡಿ ದಾಟಿ ಪುಣೆ, ಮುಂಬಯಿಗೆ ಗುಳೆ ಹೋದ ನಮ್ಮ ಹುಡುಗರು ಕಟ್ಟಡದ ಮಗ್ಗುಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ತಾವೇ ಹಿಟ್ಟು ನಾದಿ ರೊಟ್ಟಿ ಬಡಿದುಕೊಳ್ಳುತ್ತಾರೆ. ಊರಿಗೆ ಮರಳಿದ ದಿನವೇ ಅದೇ ಕೈ ಹಂಚನ್ನು ಮುಟ್ಟಲು ನಾಚುತ್ತದೆ. ಕಲಿತ ಕೈಗೆ ನಾಚಿಕೆ ತುಂಬಿದವರು ಹೊರಗಿನವರಲ್ಲ; ನಾವೇ.

ಈ ನಾಚಿಕೆ ಗಂಡಸರನ್ನೇ ಕೊಲ್ಲುತ್ತಿದೆ ಎಂಬ ಭಯ ನನ್ನದು. 2022ರಲ್ಲಿ ದೇಶದಲ್ಲಿ ದಾಖಲಾದ 1,70,924 ಆತ್ಮಹತ್ಯೆಗಳ ಪೈಕಿ 1,22,724 ಗಂಡಸರವು. ಅವುಗಳ ಹಿಂದೆ ಸಾಲ, ರೋಗ, ಸಂಸಾರದ ತಾಪತ್ರಯಗಳೆಂಬ ನೂರು ಕಾರಣಗಳಿದ್ದಾವು. ಆದರೆ ತೊಗರಿ ನೆಟೆರೋಗಕ್ಕೆ ಒಣಗಿ ನಿಂತಾಗ, ಪತ್ತಿನ ಸಾಲದ ಮೊತ್ತವನ್ನು ಹೆಂಡತಿಗೂ ಹೇಳದೆ ಒಬ್ಬನೇ ಹೊಲದ ಬದುವಿನ ಮೇಲೆ ಕುಳಿತುಕೊಳ್ಳುವ ಅಭ್ಯಾಸವನ್ನು, “ಸುಮ್ಮ ಕುಂಡ್ರು” ಎಂದು ನಾವೇ ಎಳವೆಯಲ್ಲಿ ಕಲಿಸಿದೆವು. ಮನಸ್ಸು ಭಾರವಾದವನು ಹಗಲಿರುಳೆನ್ನದೆ ಕರೆಮಾಡಬಹುದಾದ ಟೆಲಿ-ಮನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಅಂಕಿಯನ್ನು ಪಂಚಾಯತಿಯ ಗೋಡೆಯ ಮೇಲೆ, ಕ್ಷೌರದಂಗಡಿಯ ಕನ್ನಡಿಯ ಪಕ್ಕದಲ್ಲಿ, ಗೊಬ್ಬರದಂಗಡಿಯ ಬಾಗಿಲಲ್ಲಿ ದಪ್ಪಕ್ಷರಗಳಲ್ಲಿ ಬರೆಯಿಸಿರೆಂದು ಕೈಮುಗಿದು ಬೇಡುತ್ತೇನೆ.

ಮೊಬೈಲನ್ನು ಮಕ್ಕಳಿಂದ ಕಸಿದುಕೊಳ್ಳಿರೆಂದು ನಾನು ಕೇಳುವುದಿಲ್ಲ. ಕಸಿದರೆ ಅವರು ಬೇರೆಡೆ ನೋಡುತ್ತಾರೆ. ಅವರ ಮಗ್ಗುಲಲ್ಲಿ ಕುಳಿತು, ಅವರು ನೋಡುವುದನ್ನು ನೀವೂ ನೋಡಿ, ಬೈಯದೆ ವಿಚಾರಿಸಿರಿ. ಬೀಗ ಬಿದ್ದ ತಾಲೀಮು ನಿಮ್ಮೂರಿನಲ್ಲಿದ್ದರೆ ಬಾಗಿಲು ತೆರೆಯಿಸಿರಿ. ಭಜನೆಯ ಮೇಳದಲ್ಲಿ ಹದಿನಾರರ ಹುಡುಗನಿಗೆ ದಮ್ಮಡಿಯನ್ನಾದರೂ ಕೊಟ್ಟು ಕೂಡಿಸಿಕೊಳ್ಳಿರಿ.

ಎಳ್ಳಮಾವಾಸ್ಯೆ ಬರುತ್ತದೆ. ಹಿಂದಿನ ರಾತ್ರಿ ಸಜ್ಜೆಯ ರೊಟ್ಟಿ ಬಡಿಯಲು, ಭಜ್ಜಿಯ ಸೊಪ್ಪು ಸೋಸಲು ಮಗನೂ ತಾಯಿಯ ಪಕ್ಕದಲ್ಲಿ ಕೂರಲಿ. ಮರುದಿನ ಹೊಲದಲ್ಲಿ ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಿನಲ್ಲಿ ಎಲ್ಲರೂ ಉಂಡಾದ ಮೇಲೆ, ಈ ವರ್ಷದ ಸಾಲವೆಷ್ಟೆಂಬುದನ್ನು ಅಪ್ಪನಾದವನು ಹೆಂಡತಿ ಮಕ್ಕಳೆದುರು ಬಾಯಿಬಿಟ್ಟು ಹೇಳಲಿ. ಭೀಮೆಯ ದಂಡೆಯ ಆ ಹುಡುಗನು ಈಗ ಮೀಸೆ ಮೂಡಿದ ಪ್ರಾಯದವನು. ಅವನ ದೊಡ್ಡಪ್ಪನು ಇದನ್ನು ಓದುತ್ತಿದ್ದರೆ, ಎಳ್ಳಮಾವಾಸ್ಯೆಯ ಆ ದಿನ ಅವನನ್ನು ಬದಿಗೆ ಕೂಡಿಸಿಕೊಂಡು ಆ ಕರುವಿನ ಮಾತನ್ನು ತೆಗೆಯಲಿ.