ಒಂದು ವಿಡಿಯೋ, ಅರವತ್ತು ಡೌನ್‌ಲೋಡ್ ಯಾಕೆ?

ಕಳೆದ ತಿಂಗಳು ನಮ್ಮ ಅಕೌಂಟೆನ್ಸಿ ಸರ್ ಪಾಲುದಾರಿಕೆ ಖಾತೆಗಳ ಪಾಠವನ್ನು ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರು. ಸುಮಾರು 400 ಎಂಬಿ. ನಮ್ಮ ಮನೆಯಲ್ಲಿ ನನಗೂ ಆಪಾಗೂ ಸೇರಿ ಒಂದೇ ಮೊಬೈಲ್. ಆ ದಿನದ ಡೇಟಾ ಆಪಾಳ ಆನ್‌ಲೈನ್ ಕ್ಲಾಸಿಗೇ ಮುಗಿದಿತ್ತು. ನಾನು ಪಾಠ ನೋಡಿದ್ದು ಟೆಸ್ಟ್ ಮುಗಿದ ಮೇಲೆ.

ಕಾಮರ್ಸ್ ವಿದ್ಯಾರ್ಥಿಯಾಗಿ ಲೆಕ್ಕ ಹಾಕಿದೆ. ತರಗತಿಯ 60 ಜನ ಅದನ್ನು ಬೇರೆಬೇರೆಯಾಗಿ ಇಳಿಸಿಕೊಂಡರೆ 24 ಜಿಬಿ. ವಿಡಿಯೋ ಇರುವುದು ಮಾತ್ರ ಒಂದೇ!

ನನ್ನ ಅಬ್ಬಾ ಬೇಕರಿಯಲ್ಲಿ ಕೆಲಸ ಮಾಡುತ್ತಾರೆ. ಬನ್ನು ಬೇಕಾದವರೆಲ್ಲ ಬೇಕರಿಗೇ ಬರಬೇಕೆಂದರೆ ರಸ್ತೆ ತುಂಬ ಕ್ಯೂ ನಿಲ್ಲುತ್ತದೆ. ಅದಕ್ಕೇ ಬೆಳಗಿನ ಜಾವವೇ ಗಾಡಿಯಲ್ಲಿ ಎಲ್ಲ ಓಣಿಯ ಅಂಗಡಿಗಳಿಗೆ ಮಾಲು ಹೋಗುತ್ತದೆ. ಇಂಟರ್ನೆಟ್ಟಿನಲ್ಲೂ ಇದೇ ವ್ಯವಸ್ಥೆ ಇದೆ. ಅದರ ಹೆಸರು ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಅಂದರೆ ಸಿಡಿಎನ್. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರು ಅಮೆರಿಕದ ಎಂಐಟಿಯಲ್ಲಿ ನೆಟ್ ದಟ್ಟಣೆಯ ಸಮಸ್ಯೆಯನ್ನು ಮುಂದಿಟ್ಟಿದ್ದರು. ಅಲ್ಲಿನ ಗಣಿತದ ಪ್ರೊಫೆಸರ್ ಟಾಮ್ ಲೇಟನ್ ಮತ್ತು ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ ಅದಕ್ಕೆ ದಾರಿ ಹುಡುಕಿ 1998ರಲ್ಲಿ ಅಕಮಾಯ್ ಕಂಪನಿ ಆರಂಭಿಸಿದರು. ಊರೂರಿನ ಸರ್ವರ್‌ಗಳಲ್ಲಿ ಪ್ರತಿ ಇಟ್ಟು, ಕೇಳಿದವರಿಗೆ ಹತ್ತಿರದಿಂದಲೇ ಕೊಡುವುದು ಅವರ ಉಪಾಯ. ನೆಟ್‌ಫ್ಲಿಕ್ಸ್ ಕೂಡ ಇಂಟರ್ನೆಟ್ ಕೊಡುವ ಕಂಪನಿಗಳ ಒಳಗೇ ತನ್ನ ಪೆಟ್ಟಿಗೆಗಳನ್ನು ಇಟ್ಟು, ಜನ ಕಡಿಮೆ ನೋಡುವ ಹೊತ್ತಿನಲ್ಲಿ ಸಿನಿಮಾ ತುಂಬಿಸುತ್ತದೆ.

ಬನ್ನಿಗೂ ವಿಡಿಯೋಗೂ ಒಂದು ವ್ಯತ್ಯಾಸವಿದೆ. ಬನ್ನು ಮಾರಿದರೆ ಮುಗಿಯಿತು. ಪ್ರತಿ ಎಷ್ಟು ಜನಕ್ಕೆ ಕೊಟ್ಟರೂ ಅಲ್ಲೇ ಇರುತ್ತದೆ. ಆದರೆ ಹಳಸಿದ ಬನ್ನು ವಾಪಸ್ ತರುವ ಹಾಗೆ, ಹಳೆಯ ಪ್ರತಿಯನ್ನು ಆಗಾಗ ತೆಗೆದು ಹೊಸದು ಇಡಬೇಕು.

ಅಷ್ಟು ದೊಡ್ಡ ಕಂಪನಿಗಳು ಮಾಡುವುದನ್ನು ನಮ್ಮ ಕಾಲೇಜು ಚಿಕ್ಕದಾಗಿ ಮಾಡಬಹುದು ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರ್ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಎಲ್ಲ ಪಾಠಗಳ ವಿಡಿಯೋ, ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ ಇಡಲಿ. ಕಾಲೇಜಿನ ವೈಫೈ ಮೂಲಕ ನಾವು ಮೊಬೈಲಿಗೆ ಹಾಕಿಕೊಳ್ಳುತ್ತೇವೆ. ಇಂಟರ್ನೆಟ್ ಡೇಟಾ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಮನೆಯ ಮೊಬೈಲ್ ತರಲಾಗದವರಿಗೆ ಶುಕ್ರವಾರ ಜುಮಾ ನಮಾಜ್ ಆದಮೇಲೆ ಲ್ಯಾಬಿನಲ್ಲೇ ಕೂತು ನೋಡಲು ಅರ್ಧ ಗಂಟೆ ಬಿಡಲಿ.

'ಆ ಕಂಪ್ಯೂಟರ್ ಕೆಟ್ಟರೆ?' ಎಂದು ಗೆಳೆಯನೊಬ್ಬ ಕೇಳಿದ. ಸರಿಯಾದ ಪ್ರಶ್ನೆಯೇ. 2021ರ ಜೂನ್ 8ರಂದು ಫಾಸ್ಟ್ಲಿ ಎಂಬ ಸಿಡಿಎನ್ ಕಂಪನಿಯ ಸಾಫ್ಟ್‌ವೇರ್ ದೋಷದಿಂದ ಬ್ರಿಟನ್ ಸರ್ಕಾರದ ಜಾಲತಾಣವೂ ಸೇರಿ ಎಷ್ಟೋ ತಾಣಗಳು ಸ್ವಲ್ಪ ಹೊತ್ತು ನಿಂತುಹೋಗಿದ್ದವು. ಎಲ್ಲವನ್ನೂ ಒಂದೇ ಕಡೆ ನಂಬಬಾರದು. ಆದ್ದರಿಂದ ಇನ್ನೊಂದು ಪ್ರತಿ ಲೈಬ್ರರಿಯ ಹಾರ್ಡ್ ಡಿಸ್ಕಿನಲ್ಲಿರಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ಡೊನೇಶನ್ ಬೇಡ. ಪ್ರಿನ್ಸಿಪಾಲ್ ಸರ್ ಒಪ್ಪಿದರೆ ಫೈಲುಗಳನ್ನು ಜೋಡಿಸಿಡುವ ಕೆಲಸಕ್ಕೆ ನಾನೂ ನನ್ನ ಇಬ್ಬರು ಗೆಳೆಯರೂ ತಯಾರಿದ್ದೇವೆ. ಮುಂದಿನ ಟೆಸ್ಟಿಗೆ ಮೊದಲೇ ಶುರುವಾದರೆ, ಡೇಟಾ ಇಲ್ಲವೆಂದು ಯಾರೂ ಪಾಠ ತಪ್ಪಿಸಿಕೊಳ್ಳುವುದಿಲ್ಲ.